ಒಂದು ಭೂಕಂಪ, ಎರಡು ರಗೂಸಾ

ಸಿಸಿಲಿ ದ್ವೀಪದ ಆಗ್ನೇಯ ಮೂಲೆಯಲ್ಲಿ ರಗೂಸಾ ಅಂತ ಒಂದು ಊರಿದೆ. ನಕ್ಷೆ ತೆರೆದು ನೋಡಿ, ಎಲ್ಲೆಲ್ಲೋ ಇದ್ದ ಎರಡು ಊರುಗಳನ್ನು ಯಾರೋ ತಂದು ಅಕ್ಕಪಕ್ಕ ಇಟ್ಟ ಹಾಗಿದೆ. ಪೂರ್ವಕ್ಕೆ ಒಂದು ಕಡಿದಾದ ಗುಡ್ಡ, ಅದರ ಮೈತುಂಬ ನೂಲು ಗಂಟು ಬಿದ್ದಂಥ ಓಣಿಗಳು. ಅದು ಇಬ್ಲಾ, ಹಳೇ ಊರು. ಪಶ್ಚಿಮಕ್ಕೆ ಅದಕ್ಕಿಂತ ಎತ್ತರದ ಬಯಲಿನ ಮೇಲೆ ಚೌಕಾಬಾರ ಮನೆ ಎಳೆದಂತೆ ನೇರ ರಸ್ತೆಗಳು. ಅದು ಮೇಲಿನ ರಗೂಸಾ.

1693ರ ಭೂಕಂಪದಲ್ಲಿ ಊರು ಬಿತ್ತು, ಒಂದಷ್ಟು ಜನ ಮೇಲೆ ಹೋಗಿ ಮನೆ ಕಟ್ಟಿಕೊಂಡರು, ಉಳಿದವರು ಕೆಳಗೇ ಇದ್ದರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಭೂಕಂಪ ಆದ ಊರೆಲ್ಲ ಹೀಗೆ ಹೋಳಾಗುವುದಿಲ್ಲ ಅಲ್ವಾ? ರಗೂಸಾ ಒಳಗೊಳಗೇ ಮೊದಲೇ ಬಿರುಕು ಬಿಟ್ಟಿತ್ತು. (ಅಂದ ಹಾಗೆ, ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೂ ಹಿಂದೆ ರಗೂಸಾ ಅಂತಲೇ ಹೆಸರಿತ್ತು, ಅದೂ 1667ರ ಭೂಕಂಪದಲ್ಲಿ ನೆಲ ಕಚ್ಚಿತ್ತು. ಎರಡನ್ನೂ ಕಲಸಿಕೊಳ್ಳಬೇಡಿ.)

ರಗೂಸಾ ಇದ್ದದ್ದು ಮೋದಿಕಾ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಪಾಳೇಪಟ್ಟು ಅಂದುಕೊಳ್ಳಿ, ಆದರೆ ಸಣ್ಣದಲ್ಲ. 1296ರಿಂದ ಅದು ಕಿಯಾರಮೊಂತೆ ಮನೆತನದ ಕೈಯಲ್ಲಿತ್ತು. 1392ರಲ್ಲಿ ಆ ಮನೆಯ ಕೊನೆಯ ದೊರೆಯ ತಲೆ ಪಲೆರ್ಮೊದಲ್ಲಿ ಉರುಳಿತು, ಆಸ್ತಿ ಸ್ಪೇನಿನಿಂದ ಬಂದ ಬೆರ್ನಾರ್ದೊ ಕಬ್ರೇರಾನ ಪಾಲಾಯಿತು. ನನ್ನ ರಾಜ್ಯದಲ್ಲಿ ನಾನು ಹೇಗೋ ನಿನ್ನ ಕೌಂಟಿಯಲ್ಲಿ ನೀನೂ ಹಾಗೇ ಅಂತ ರಾಜ ಅವನಿಗೆ ಹೇಳಿದನಂತೆ. 15ನೇ ಶತಮಾನದ ನಡುವೆ ರಗೂಸಾದ ಜನ ಕೌಂಟನ ವಿರುದ್ಧ ದಂಗೆ ಎದ್ದರು. ಕೌಂಟನ ಗಾದಿ ಪಕ್ಕದ ಮೋದಿಕಾಕ್ಕೆ ಹೋಯಿತು. ಮುಂದೆ ಮದುವೆಯ ಮೂಲಕ ಇಡೀ ಕೌಂಟಿ ಸ್ಪೇನಿನ ಎನ್ರೀಕೆಜ್ ಮನೆತನಕ್ಕೆ ಸೇರಿತು. ಒಡೆಯರು ಸ್ಪೇನಿನಲ್ಲಿ, ಜಮೀನು ಇಲ್ಲಿ.

ದೂರದ ಒಡೆಯನಿಗೆ ಬೇಕಾದದ್ದು ನಗದು ಹಣ. ಅದಕ್ಕೆ ಕೌಂಟರು ಭೂಮಿಯನ್ನು ತುಂಡು ತುಂಡು ಮಾಡಿ ಶಾಶ್ವತ ಗೇಣಿಗೆ ಕೊಡುತ್ತಾ ಬಂದರು. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೆಚ್ಚುಕಡಿಮೆ ನಮ್ಮ ಮೂಲಗೇಣಿ. ಗೇಣಿ ಗೊತ್ತುಪಡಿಸಿದ್ದು, ಒಕ್ಕಲು ಎಬ್ಬಿಸುವ ಹಾಗಿಲ್ಲ, ಮಕ್ಕಳು ಮೊಮ್ಮಕ್ಕಳಿಗೆ ನಡೆದುಕೊಂಡು ಬರುತ್ತದೆ. ಸಿಸಿಲಿಯ ಬೇರೆ ಕಡೆ ಸಾವಿರಾರು ಎಕರೆ ಒಬ್ಬನೇ ಜಮೀನ್ದಾರನ ಹೆಸರಲ್ಲಿ ಬಿದ್ದಿರುವಾಗ ಇಲ್ಲಿ ಮಾತ್ರ ಕೈಯಲ್ಲಿ ನಾಲ್ಕು ಕಾಸಿರುವ, ದನ ಕಟ್ಟಿಕೊಂಡು ಗೋಧಿ ಬೆಳೆಯುವ, ಯಾರ ಮುಂದೆಯೂ ಜಾಸ್ತಿ ಬಗ್ಗದ ರೈತರ ಒಂದು ವರ್ಗವೇ ಎದ್ದು ನಿಂತಿತು. ಮಸ್ಸಾರಿ ಅಂತ ಅವರನ್ನು ಕರೆಯುತ್ತಾರೆ. ಅವರು ಹೊಲದ ಕಲ್ಲು ಆಯ್ದು ಗಾರೆಯಿಲ್ಲದೆ ಪೇರಿಸಿದ ಬೇಲಿಗೋಡೆಗಳು ರಗೂಸಾ ಸುತ್ತಮುತ್ತ ಇವತ್ತಿಗೂ ಮೈಲಿಗಟ್ಟಲೆ ಕಾಣುತ್ತವೆ. ಇಡೀ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಗೇಣಿಯೇ. ಚರ್ಚುಗಳ ಚಂದ ಆಮೇಲೆ.

ಊರೊಳಗೆ ಎರಡು ಪಂಗಡ ಇದ್ದವು. ಗುಡ್ಡದ ಪೂರ್ವ ಭಾಗದ ಹಳೇ ಕುಲೀನರು ಸಂತ ಜಾರ್ಜ್ ಚರ್ಚಿನವರು. ಪಶ್ಚಿಮದ ಅಂಚಿನವರು ಸಂತ ಜೊವಾನ್ನಿ, ಅಂದರೆ ಸ್ನಾನಿಕ ಯೋಹಾನನ, ಚರ್ಚಿನವರು. ಮೆರವಣಿಗೆಯಲ್ಲಿ ಯಾವ ಸಂತ ಮುಂದೆ, ಊರಿನ ತಾಯಿ ಚರ್ಚ್ ಯಾವುದು ಅಂತ ಎರಡೂ ಕಡೆಯವರಿಗೆ ಜಟಾಪಟಿ. ಜಾತ್ರೆಯಲ್ಲಿ ಮೊದಲ ಮರ್ಯಾದೆ ಯಾರಿಗೆ ಅಂತ ನಮ್ಮಲ್ಲಿ ತಲೆಮಾರುಗಟ್ಟಲೆ ಮಾತು ಬಿಟ್ಟವರನ್ನು ನೋಡಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

1693ರ ಜನವರಿ 9, ಶುಕ್ರವಾರ ರಾತ್ರಿ ಮೊದಲ ಸಲ ಭೂಮಿ ನಡುಗಿತು. 11ನೇ ತಾರೀಖು ಭಾನುವಾರ ಮಧ್ಯಾಹ್ನ ಬಂದದ್ದು ದೊಡ್ಡದು. ಇಟಲಿಯ ಇತಿಹಾಸದ ಅತಿ ದೊಡ್ಡ ಭೂಕಂಪಗಳಲ್ಲಿ ಅದೂ ಒಂದು, ಪ್ರಮಾಣ ಸುಮಾರು 7.4 ಅಂತ ಈಗಿನವರ ಅಂದಾಜು. ಆಗ್ನೇಯ ಸಿಸಿಲಿಯಲ್ಲಿ ಸತ್ತವರು ಸುಮಾರು 60,000. ರಗೂಸಾ ಒಂದರಲ್ಲೇ ಸುಮಾರು 5,000.

ಮತ್ತೆ ಕಟ್ಟುವ ಮಾತು ಬಂದಾಗ ಪ್ರಶ್ನೆ ಇದ್ದದ್ದು ಒಂದೇ: ಎಲ್ಲಿ? ಇದಕ್ಕೆ ಒಂದೊಂದು ಊರಿನದು ಒಂದೊಂದು ಉತ್ತರ. ಒಕ್ಕಿಯೋಲಾ ಎಂಬ ಗುಡ್ಡದ ಊರಿನ ಒಡೆಯ, ಬುತೇರಾದ ರಾಜಕುಮಾರ ಕಾರ್ಲೊ ಮರಿಯಾ ಕರಾಫಾ, ಯಾರನ್ನೂ ಕೇಳಲಿಕ್ಕೆ ಹೋಗಲಿಲ್ಲ. ಅದೇ ಏಪ್ರಿಲ್‌ನಲ್ಲಿ ಹತ್ತಿರದ ಬಯಲಿನಲ್ಲಿ ಗ್ರಮ್ಮಿಕೇಲೆ ಅಂತ ಹೊಸ ಊರಿಗೆ ಅಡಿಗಲ್ಲು ಹಾಕಿಸಿದ, ಜೇನುಗೂಡಿನ ಕಣ್ಣಿನ ಹಾಗೆ ಆರು ಮೂಲೆಯ ಊರು. ಕಪ್ಪು ಕಲ್ಲಿನ ಹಲಗೆಯ ಮೇಲೆ ಕೆತ್ತಿಸಿದ ಅದರ ನಕ್ಷೆ ಈಗಲೂ ಅಲ್ಲಿನ ಪುರಭವನದಲ್ಲಿದೆ. ನೋತೊ ಊರನ್ನು ಸುಮಾರು 8 ಕಿ.ಮೀ. ದೂರಕ್ಕೆ ಎತ್ತಿ ಇಟ್ಟರು. ಕೆಲವು ವರ್ಷ ಕಳೆದ ಮೇಲೆ ಜನರನ್ನು ಕೇಳಿದರೆ ಹಳೇ ಜಾಗವೇ ಬೇಕು ಅಂದವರೇ ಜಾಸ್ತಿ, ಆದರೂ ಅವರ ಮಾತು ನಡೆಯಲಿಲ್ಲ. ಆಗ ಸಿಸಿಲಿಯನ್ನು ಆಳುತ್ತಿದ್ದ ಸ್ಪೇನಿನ ಸರ್ಕಾರ ಈ ಕೆಲಸಕ್ಕೆ ಕಳಿಸಿದ್ದು ಕಮಾಸ್ತ್ರಾದ ಡ್ಯೂಕ್ ಜುಸೆಪ್ಪೆ ಲಾಂಜಾನನ್ನು. 1682ರಲ್ಲಿ ಗುಡ್ಡ ಕುಸಿದು ಹೋದ ತನ್ನದೇ ಊರೊಂದನ್ನು ಬೇರೆ ಜಾಗದಲ್ಲಿ ಕಟ್ಟಿಸಿದ್ದವನು, ಅನುಭವಸ್ಥ.

ರಗೂಸಾದಲ್ಲಿ ಕರಾಫಾನ ಥರ ಎದುರಿಗೆ ನಿಂತು ಹೇಳುವ ದೊರೆ ಇರಲಿಲ್ಲ. ಹಾಗಾಗಿ ಎರಡು ಪಂಗಡ ಎರಡು ದಾರಿ ಹಿಡಿದವು. ಜೊವಾನ್ನಿಯವರು ಪಾತ್ರೊ ಎಂಬ ಮೇಲಿನ ಬಯಲಿಗೆ ಹೋದರು. ಮಸ್ಸಾರಿಗಳಿಗೆ ಅಲ್ಲಿ ಅಗಲವಾದ ಜಾಗ, ನೇರ ರಸ್ತೆ, ಹೊಲವೂ ಹತ್ತಿರ. 1694ರಲ್ಲೇ ಅವರ ಹೊಸ ಚರ್ಚಿನ ಕೆಲಸ ಶುರುವಾಯಿತು. ಜಾರ್ಜಿನ ಕಡೆಯ ಕುಲೀನರು ಗುಡ್ಡ ಬಿಡಲಿಲ್ಲ. ಅವರ ಮಾನ ಮರ್ಯಾದೆ, ಮನೆ ನಿವೇಶನ ಎಲ್ಲ ಅಲ್ಲೇ ಇತ್ತಲ್ಲ. ಅದೇ ಓಣಿಗಳ ಮೇಲೆ, ಅದೇ ತಿರುವುಗಳಲ್ಲಿ ಹೊಸ ಅರಮನೆಗಳನ್ನು ಎಬ್ಬಿಸಿದರು. ಇಬ್ಲಾ ನೋಡಲು ಬರೋಕ್ ಶೈಲಿಯದು (ಆ ಕಾಲದ ಬಳುಕು, ಅಲಂಕಾರ ತುಂಬಿದ ಶೈಲಿ), ಅಸ್ಥಿಪಂಜರ ಮಾತ್ರ ಮಧ್ಯಕಾಲದ್ದು.

ಇಬ್ಲಾದ ಹೊಸ ಸಂತ ಜಾರ್ಜ್ ಚರ್ಚನ್ನು ಕಟ್ಟಲು ಶುರು ಮಾಡಿದ್ದು 1739ರಲ್ಲಿ, ಭೂಕಂಪವಾಗಿ 46 ವರ್ಷದ ಮೇಲೆ. ವಿನ್ಯಾಸ ರೊಸಾರಿಯೊ ಗಾಲ್ಯಾರ್ಡಿಯದು. ಕೆಳಗಿನ ಚೌಕದಲ್ಲಿ ನಿಂತರೆ ಚರ್ಚ್ ನೆಟ್ಟಗೆ ನಿಮ್ಮ ಕಡೆ ಮುಖ ಮಾಡಿರುವುದಿಲ್ಲ, ಸ್ವಲ್ಪ ಓರೆಯಾಗಿದೆ. ಆ ಓರೆಯಿಂದಲೇ ಮುಂಗೋಡೆಯ ಹಿಂದಿನ ಗುಮ್ಮಟವೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಗುಮ್ಮಟ ಮಾತ್ರ ಇನ್ನೂ ತಡ, 1820ರದ್ದು.

ಹಳೇ ಸಂತ ಜಾರ್ಜ್ ಚರ್ಚ್ ಏನಾಯಿತು? ಇಬ್ಲಾದ ಪೂರ್ವ ತುದಿಯ ಉದ್ಯಾನದ ಹತ್ತಿರ ಅದರ ಹೆಬ್ಬಾಗಿಲು ಒಂದೇ ನಿಂತಿದೆ. ಬಾಗಿಲ ಮೇಲಿನ ಕಮಾನಿನಲ್ಲಿ ಕುದುರೆ ಏರಿ ಡ್ರ್ಯಾಗನ್ ಕೊಲ್ಲುತ್ತಿರುವ ಜಾರ್ಜ್, ಎರಡು ಬದಿಗೂ ಹಿಂದೆ ಸಿಸಿಲಿ ಆಳಿದ ಅರಗಾನ್ ರಾಜರ ಹದ್ದು. ಮೆದು ಸುಣ್ಣಕಲ್ಲು, ಮಳೆ ಗಾಳಿಗೆ ಸವೆದಿದೆ. ಬಾಗಿಲಿದೆ, ಒಳಗೆ ಹೋಗೋಣ ಅಂದರೆ ಚರ್ಚ್ ಇಲ್ಲ.

ಮುಂದಿನದು ಬೇಗ ಹೇಳಬಹುದು. ಮೇಲಿನ ಊರಿನವರ ಕೈ ಮೇಲಾಯಿತು. 19ನೇ ಶತಮಾನದಲ್ಲಿ ಹತ್ತಿರದ ಡಾಂಬರು ಕಲ್ಲಿನ ಗಣಿಗಳು ಬೆಳೆದವು. ಹಳ್ಳದ ಮೇಲೆ ಸೇತುವೆ ಬಂತು, ಊರು ಇನ್ನೂ ಆಚೆಗೆ ಹರಡಿತು. 1865ರಲ್ಲಿ ಕೆಳಗಿನವರು ತಮ್ಮದೇ ಪುರಸಭೆ ಮಾಡಿಕೊಂಡು ಬೇರೆಯಾದರು. ಪಾಪ, ಸರ್ಕಾರಿ ಕಾಗದದಲ್ಲಿ ಅವರ ಊರು 'ಕೆಳಗಿನ ರಗೂಸಾ'. ಯಾರಿಗೆ ಹಿತವಾಗುತ್ತದೆ? 1922ರಲ್ಲಿ ಹೆಸರು ಬದಲಿಸಿ ರಗೂಸಾ ಇಬ್ಲಾ ಅಂತ ಮಾಡಿದರು. ನಾಲ್ಕೇ ವರ್ಷಕ್ಕೆ, 1926ರಲ್ಲಿ, ಮುಸೊಲಿನಿಯ ಆಡಳಿತ ಎರಡನ್ನೂ ಮತ್ತೆ ಒಂದು ಮಾಡಿತು. 1927ರಲ್ಲಿ ರಗೂಸಾ ಪ್ರಾಂತ್ಯದ ರಾಜಧಾನಿಯೂ ಆಯಿತು. ಅದರಲ್ಲಿ ಊರಿನವನೇ ಆದ ಫಾಸಿಸ್ಟ್ ನಾಯಕ ಫಿಲಿಪ್ಪೊ ಪೆನ್ನವಾರಿಯಾನ ಕೈವಾಡ ದೊಡ್ಡದು. ಶತಮಾನಗಳ ಕಾಲ ಕೌಂಟನ ಗಾದಿ ಇದ್ದ ಮೋದಿಕಾ ನೋಡುತ್ತಾ ಕೂತಿತು.

2002ರಲ್ಲಿ ಯುನೆಸ್ಕೊ ಆ ಭಾಗದ ಎಂಟು ಊರುಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲಿ ರಗೂಸಾ ಒಂದು. ಈಗ ಪ್ರವಾಸಿಗರು ಮೇಲಿನ ಊರಿನಿಂದ ನೂರಾರು ಮೆಟ್ಟಿಲು ಇಳಿದು ಇಬ್ಲಾಕ್ಕೆ ಹೋಗುತ್ತಾರೆ. ನಡುದಾರಿಯಲ್ಲಿ ಮೆಟ್ಟಿಲ ಮಾತೆಯ ಚರ್ಚ್ ಸಿಗುತ್ತದೆ, ಅಲ್ಲಿ ಒಂದು ಪಕ್ಕದ ಕಮಾನುಗಳು ಭೂಕಂಪವನ್ನೂ ತಡೆದುಕೊಂಡು ಉಳಿದಂಥವು.

ತಾಯಿ ಚರ್ಚ್ ಯಾವುದು ಅನ್ನುವ ಹಳೇ ವ್ಯಾಜ್ಯ? 1950ರಲ್ಲಿ ರಗೂಸಾಕ್ಕೆ ಬಿಷಪ್ ಪೀಠ ಬಂದಾಗ ಕೆಥೆಡ್ರಲ್ (ಬಿಷಪ್‌ನ ಚರ್ಚ್) ಆದದ್ದು ಮೇಲಿನ ಸಂತ ಜೊವಾನ್ನಿ. ಆದರೆ ಕೆಳಗಿನ ಸಂತ ಜಾರ್ಜನ್ನು ಇಬ್ಲಾದವರು ಈಗಲೂ 'ದುವೋಮೊ' ಅಂತಲೇ ಕರೆಯುತ್ತಾರೆ, ಅಂದರೆ ಊರಿನ ಮುಖ್ಯ ಚರ್ಚ್. ಜಾರ್ಜನ ಹಬ್ಬ ಮೇ ಕೊನೆಯ ಹೊತ್ತಿಗೆ ಕೆಳಗೆ, ಜೊವಾನ್ನಿಯದು ಆಗಸ್ಟ್ 29ಕ್ಕೆ ಮೇಲೆ.