ಏರಿಕೆಯನ್ನು ಕಂಡವರು, ಪತನವನ್ನು ಕಂಡವರು: ‘ಸ್ಕಾರ್‌ಫೇಸ್’ ವಿವಾದದ ಹಿನ್ನೆಲೆ

ಬ್ರಯಾನ್ ಡಿ ಪಾಲ್ಮ ನಿರ್ದೇಶನದ ‘ಸ್ಕಾರ್‌ಫೇಸ್’ 1983ರ ಡಿಸೆಂಬರ್ 9ರಂದು ಅಮೆರಿಕದಲ್ಲಿ ತೆರೆಕಂಡಿತು. ಅದರ ಬಗ್ಗೆ ಬಂದ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದರೆ ಬರೆದವರೆಲ್ಲ ಒಂದೇ ಚಿತ್ರವನ್ನು ನೋಡಿದ್ದರೇ ಎಂಬ ಅನುಮಾನ ಮೂಡುತ್ತದೆ. ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ತಾರೆಗಳನ್ನು ಕೊಟ್ಟರು. ‘ನ್ಯೂಯಾರ್ಕ್ ಟೈಮ್ಸ್’ನ ವಿನ್ಸೆಂಟ್ ಕ್ಯಾನ್‌ಬಿ ಮೆಚ್ಚಿ ಬರೆದರು. ಡಿ ಪಾಲ್ಮ ಅವರ ಹಿಂದಿನ ಚಿತ್ರಗಳನ್ನು ಎತ್ತಿಹಿಡಿದಿದ್ದ ವಿಮರ್ಶಕಿ ಪಾಲಿನ್ ಕೇಲ್ ಮಾತ್ರ ಇದನ್ನು ಒಪ್ಪಲಿಲ್ಲ. ನಾಯಕ ನಟ ಅಲ್ ಪಚೀನೊ ಗೋಲ್ಡನ್ ಗ್ಲೋಬ್‌ಗೆ ನಾಮನಿರ್ದೇಶನಗೊಂಡರೆ, ನಿರ್ದೇಶಕರ ಹೆಸರು ವರ್ಷದ ಕಳಪೆ ಕೆಲಸವನ್ನು ಗುರುತಿಸುವ ರ‍್ಯಾಜಿ ಪಟ್ಟಿಗೆ ಸೇರಿತು. ನಾಲ್ಕು ದಶಕ ಕಳೆದರೂ ಆ ಭಿನ್ನಮತ ತಣ್ಣಗಾಗಿಲ್ಲ.

ಈ ಜಗಳ ಚಿತ್ರಕ್ಕಿಂತ ಹಳೆಯದು. 1932ರಲ್ಲಿ ಹೋವರ್ಡ್ ಹಾಕ್ಸ್ ನಿರ್ದೇಶಿಸಿದ್ದ ಇದೇ ಹೆಸರಿನ ಚಿತ್ರ ಶಿಕಾಗೊದ ಪಾತಕಿ ಅಲ್ ಕಪೋನ್‌ನ ಬದುಕಿನಿಂದ ಎಳೆಗಳನ್ನು ಪಡೆದಿತ್ತು. ಪಾತಕಿಯನ್ನು ವೈಭವೀಕರಿಸಲಾಗಿದೆ ಎಂಬ ಸೆನ್ಸಾರ್ ಆಕ್ಷೇಪಕ್ಕೆ ಮಣಿದು ‘ರಾಷ್ಟ್ರದ ನಾಚಿಕೆಗೇಡು’ ಎಂಬ ಉಪಶೀರ್ಷಿಕೆಯನ್ನು ಸೇರಿಸಬೇಕಾಯಿತು. ನಾಯಕನನ್ನು ಗಲ್ಲಿಗೇರಿಸುವ ಮತ್ತೊಂದು ಅಂತ್ಯವನ್ನೂ ಚಿತ್ರಿಸಬೇಕಾಯಿತು. ‘ಜಗತ್ತು ನಿನ್ನದು’ ಎಂದು ಹೊಳೆಯುವ ಜಾಹೀರಾತು ಫಲಕ ಆ ಚಿತ್ರದ್ದು. ಡಿ ಪಾಲ್ಮ ಅದೇ ಮಾತನ್ನು ಉಳಿಸಿಕೊಂಡು, ತಮ್ಮ ಚಿತ್ರವನ್ನು ಹಾಕ್ಸ್ ಮತ್ತು ಚಿತ್ರಕಥೆಗಾರ ಬೆನ್ ಹೆಕ್ಟ್ ಅವರಿಗೆ ಅರ್ಪಿಸಿದರು.

ಹೊಸ ಚಿತ್ರದ ನಾಯಕ ಟೋನಿ ಮೊಂಟಾನಾ ಹಳೆಯ ಚಿತ್ರದ ನಾಯಕನಂತೆ ಇಟಲಿ ಮೂಲದವನಲ್ಲ, ಕ್ಯೂಬಾದ ನಿರಾಶ್ರಿತ; ಮಯಾಮಿಯಲ್ಲಿ ಕೊಕೇನ್ ವ್ಯಾಪಾರದಿಂದ ಮೇಲೇರಿ, ಕೊನೆಗೆ ಗುಂಡಿಗೆ ಬಲಿಯಾಗುವವನು. 1980ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಫ್ಲಾರಿಡಾ ತಲುಪಿದ್ದರು. ಅವರಲ್ಲಿ 25,000 ಮಂದಿಗೆ ಅಪರಾಧದ ಹಿನ್ನೆಲೆಯಿತ್ತು ಎಂಬ ಅಂದಾಜನ್ನು ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಮೂಡುವ ಬರಹವೇ ಮುಂದಿಡುತ್ತದೆ. ಆದರೆ ಕ್ಯೂಬಾದ ಆಡಳಿತ ಅಪರಾಧವೆಂದು ಪರಿಗಣಿಸಿದ್ದೆಲ್ಲ ಬೇರೆ ಕಡೆ ಅಪರಾಧವಾಗಿರಲಿಲ್ಲ. ಅಮೆರಿಕದ ಕಾನೂನಿನ ಪ್ರಕಾರ ಗಂಭೀರ ಅಪರಾಧಿಗಳೆನಿಸಿಕೊಂಡವರು ನೂರಕ್ಕೆ ಇಬ್ಬರ ಆಸುಪಾಸು ಮಾತ್ರ. ಹೊಸ ನೆಲದಲ್ಲಿ ಕಾಲೂರಲು ಹೆಣಗುತ್ತಿದ್ದ ಸಮುದಾಯವೊಂದಕ್ಕೆ ಆ ಬರಹ ಹಚ್ಚಿದ ಕಳಂಕ ಚಿಕ್ಕದಲ್ಲ. ಮಯಾಮಿಯ ಕ್ಯೂಬನ್ನರು ಚಿತ್ರೀಕರಣಕ್ಕೇ ವಿರೋಧ ವ್ಯಕ್ತಪಡಿಸಿದರು, ನಗರಾಡಳಿತದ ಸದಸ್ಯ ಡೆಮೆಟ್ರಿಯೊ ಪೆರೆಸ್ ಅದಕ್ಕೆ ದನಿಗೂಡಿಸಿದರು. ಹೆಚ್ಚಿನ ಭಾಗದ ಚಿತ್ರೀಕರಣ ಲಾಸ್ ಏಂಜಲಿಸ್‌ಗೆ ಸ್ಥಳಾಂತರಗೊಂಡಿತು. ಮುಖ್ಯ ಪಾತ್ರಗಳಲ್ಲಿದ್ದವರ ಪೈಕಿ ಹವಾನಾದಲ್ಲಿ ಹುಟ್ಟಿದವರು ಟೋನಿಯ ಗೆಳೆಯ ಮ್ಯಾನಿಯ ಪಾತ್ರದ ಸ್ಟೀವನ್ ಬೌವರ್ ಒಬ್ಬರೇ. ಈ ಪಾತ್ರಗಳು ಕ್ಯೂಬನ್-ಅಮೆರಿಕನ್ ಸಮುದಾಯವನ್ನು ಪ್ರತಿನಿಧಿಸುವುದಿಲ್ಲ ಎಂಬ ಸ್ಪಷ್ಟನೆ ಚಿತ್ರದ ಕೊನೆಯಲ್ಲಿದೆ. ಆರೋಪ ಮೊದಲ ನಿಮಿಷದಲ್ಲಿ, ಸ್ಪಷ್ಟನೆ ಜನ ಎದ್ದು ಹೊರಟ ಮೇಲೆ. ಈ ದೂರನ್ನು ಕಲೆಯ ಸ್ವಾತಂತ್ರ್ಯದ ಹೆಸರಿನಲ್ಲಿ ತಳ್ಳಿಹಾಕುವುದು ನನ್ನ ಮಟ್ಟಿಗೆ ನ್ಯಾಯವಲ್ಲ.

ಎರಡನೆಯ ಜಗಳ ಹಿಂಸೆಯದು. ಪ್ರಮಾಣಪತ್ರ ನೀಡುವ ಮಂಡಳಿಯು ಚಿತ್ರಕ್ಕೆ ವಯಸ್ಕರಿಗಷ್ಟೇ ಮೀಸಲಾದ ‘ಎಕ್ಸ್’ ದರ್ಜೆ ಕೊಟ್ಟಿತು. ಆ ದರ್ಜೆಯ ಚಿತ್ರಗಳಿಗೆ ಹಲವು ಚಿತ್ರಮಂದಿರಗಳ ಬಾಗಿಲು ಮುಚ್ಚಿರುತ್ತಿತ್ತು, ಅನೇಕ ಪತ್ರಿಕೆಗಳು ಜಾಹೀರಾತನ್ನೂ ಹಾಕುತ್ತಿರಲಿಲ್ಲ. ಡಿ ಪಾಲ್ಮ ಮತ್ತೆ ಮತ್ತೆ ಕತ್ತರಿಸಿ ಒಪ್ಪಿಸಿದರೂ ದರ್ಜೆ ಬದಲಾಗಲಿಲ್ಲ. ಕಡೆಗೆ ನವೆಂಬರ್‌ನಲ್ಲಿ ಮೇಲ್ಮನವಿ ಸಲ್ಲಿಸಿ ಅದಕ್ಕಿಂತ ಸಡಿಲವಾದ ‘ಆರ್’ ದರ್ಜೆ ಪಡೆಯಲಾಯಿತು. ತೆರೆಗೆ ಬಂದದ್ದು ಕತ್ತರಿ ತಾಗದ ಮೊದಲ ಆವೃತ್ತಿಯೇ ಎಂದು ನಿರ್ದೇಶಕರು ಬಳಿಕ ಹೇಳಿಕೊಂಡಿದ್ದಾರೆ.

ಈ ಎಲ್ಲ ರಂಪಕ್ಕೆ ಗುರುತಾಗಿ ನಿಂತ ದೃಶ್ಯವೆಂದರೆ ಸ್ನಾನದ ಕೋಣೆಯದು. ಮಾದಕವಸ್ತು ಮಾರುವವರು ಟೋನಿಯ ಜೊತೆಗಾರನನ್ನು ಕಟ್ಟಿಹಾಕಿ, ಮರ ಕೊಯ್ಯುವ ಯಂತ್ರದ ಗರಗಸ ಹಿಡಿದು ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಕ್ಯಾಮೆರಾ ನಿಧಾನವಾಗಿ ಕಿಟಕಿಯಿಂದ ಹೊರಬಂದು, ಬಿಸಿಲು ಬಿದ್ದ ಬೀದಿಗಿಳಿದು, ಕಾರಿನ ಬಳಿ ಕಾಲ ಕಳೆಯುತ್ತಿರುವ ಮ್ಯಾನಿಯನ್ನು ತೋರಿಸಿ ಮತ್ತೆ ಮೇಲಕ್ಕೇರುತ್ತದೆ. ಒಳಗಿನ ಘೋರವನ್ನು ನಾವು ತಿಳಿಯುವುದು ಯಂತ್ರದ ಸದ್ದಿನಿಂದ, ಟೋನಿಯ ಮುಖಕ್ಕೆ ಚಿಮ್ಮುವ ರಕ್ತದಿಂದ. ಗರಗಸ ಮಾಂಸವನ್ನು ಸೀಳುವುದು ತೆರೆಯ ಮೇಲೆ ಕಾಣುವುದೇ ಇಲ್ಲ. ಆದರೂ ಅದನ್ನು ಕಣ್ಣಾರೆ ಕಂಡೆವೆಂದು ನಂಬಿದವರಿದ್ದಾರೆ. ಚಿತ್ರದಲ್ಲಿ ಹಿಂಸೆ ಅತಿಯಾಯಿತು ಎನ್ನುವವರೊಂದಿಗೆ ನಾನು ವಾದಿಸಲಾರೆ. ಕೊನೆಯ ಗುಂಡಿನ ಕಾಳಗ ನಿಜಕ್ಕೂ ಮಿತಿ ಮೀರಿದ್ದು. ಆದರೆ ಚಿತ್ರದ ಹಿಂಸೆಯನ್ನು ಕಲೆಗಾರಿಕೆಯಿಲ್ಲದ್ದು ಎನ್ನುವುದು ಈ ಒಂದು ದೃಶ್ಯದ ಮುಂದೆ ನಿಲ್ಲುವ ಮಾತಲ್ಲ.

ಅಮೆರಿಕದಲ್ಲಿ ಚಿತ್ರ ಸುಮಾರು 4.5 ಕೋಟಿ ಡಾಲರ್ ಗಳಿಸಿತು. ಅದರ ನಿಜವಾದ ಪ್ರೇಕ್ಷಕರು ಹುಟ್ಟಿದ್ದು ವಿಡಿಯೊ ಕ್ಯಾಸೆಟ್‌ನಲ್ಲಿ. ಚಿತ್ರಮಂದಿರದಲ್ಲಿ 170 ನಿಮಿಷ ಕೂತವನು ಪತನವನ್ನೂ ನೋಡಿಯೇ ಹೊರಬರಬೇಕು; ಮನೆಯಲ್ಲಿ ಮಾತ್ರ ಬೇಕಾದ ಭಾಗವನ್ನಷ್ಟೇ ಹಿಂದಕ್ಕೆ ತಿರುಗಿಸಿ ನೋಡಬಹುದು. ಬರಿಗೈಯಲ್ಲಿ ಬಂದವನೊಬ್ಬ ಯಾರ ಮುಂದೆಯೂ ತಲೆಬಾಗದೆ ಮೇಲೇರಿದ ಕಥೆ ಹಿಪ್‌ಹಾಪ್ ಗಾಯಕರಿಗೆ ತಮ್ಮದೇ ಎನಿಸಿತು. ಹ್ಯೂಸ್ಟನ್‌ನ ಗಾಯಕರೊಬ್ಬರು ಸ್ಕಾರ್‌ಫೇಸ್ ಎಂಬ ಹೆಸರನ್ನೇ ಇಟ್ಟುಕೊಂಡರು. ‘ಜಗತ್ತು ನಿನ್ನದು’ ಎಂಬ ಮಾತು 1994ರಲ್ಲಿ ಹಿಪ್‌ಹಾಪ್ ಗಾಯಕ ನಾಸ್ ಅವರ ಹಾಡಿನ ಶೀರ್ಷಿಕೆಯಾಯಿತು. ಈ ಗಾಯಕರಿಗೆ ಚಿತ್ರ ತಪ್ಪಾಗಿ ಅರ್ಥವಾಯಿತು ಎನ್ನುವ ವಿಮರ್ಶಕರ ಮಾತು ನನಗೆ ಅರ್ಧಸತ್ಯವೆನಿಸುತ್ತದೆ. ಆಲಿವರ್ ಸ್ಟೋನ್ ಬರೆದ ಚಿತ್ರಕಥೆಯೇ ಟೋನಿಗೆ ಬಿರುಸಾದ ಮಾತುಗಳನ್ನು, ಅಳುಕದ ಧೈರ್ಯವನ್ನು ಧಾರಾಳವಾಗಿ ಕೊಟ್ಟಿದೆ.

ಟೋನಿಯ ಪರ ನಿಲ್ಲುವವರು ಸಾಮಾನ್ಯವಾಗಿ ಎತ್ತಿಕೊಳ್ಳುವುದು ನ್ಯೂಯಾರ್ಕಿನ ದೃಶ್ಯವನ್ನು. ಕೊಕೇನ್ ದೊರೆ ಸೋಸಾನ ಆಣತಿಯಂತೆ ಸ್ಫೋಟಿಸಬೇಕಾದ ಕಾರಿನಲ್ಲಿ ಹೆಂಗಸೂ ಮಕ್ಕಳೂ ಇರುವುದನ್ನು ಕಂಡ ಅವನು, ಗುಂಡಿ ಒತ್ತಲು ಸಿದ್ಧನಾಗಿದ್ದವನನ್ನೇ ಕೊಂದುಬಿಡುತ್ತಾನೆ. ಇದರಿಂದ ಸೋಸಾನ ಹಗೆ ಕಟ್ಟಿಕೊಳ್ಳುತ್ತಾನೆ, ಆ ಹಗೆಯೇ ಅವನನ್ನು ಮುಗಿಸುತ್ತದೆ. ಆದರೆ ಮಯಾಮಿಗೆ ಮರಳಿದ ಕೂಡಲೇ ಅವನು ಮಾಡುವುದೇನು? ತಂಗಿ ಜೀನಾಳ ಜೊತೆ ಕಂಡನೆಂಬ ಒಂದೇ ಕಾರಣಕ್ಕೆ ಗೆಳೆಯ ಮ್ಯಾನಿಯನ್ನು ಬಾಗಿಲಲ್ಲೇ ಗುಂಡಿಟ್ಟು ಕೊಲ್ಲುತ್ತಾನೆ. ಹಿಂದಿನ ದಿನವಷ್ಟೇ ಅವರಿಬ್ಬರಿಗೆ ಮದುವೆಯಾಗಿತ್ತು. ಮಕ್ಕಳನ್ನು ಉಳಿಸಿದ ಕೈಯೂ ಗೆಳೆಯನನ್ನು ಕೊಂದ ಕೈಯೂ ಒಂದೇ. ಮೊದಲನೆಯದನ್ನು ನೆನಪಿಟ್ಟುಕೊಂಡವರು ಅವನ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡರು. ಎರಡನೆಯದನ್ನು ಮರೆಯಲಾಗದವರು ಮತ್ತೊಮ್ಮೆ ಆ ಸಿನಿಮಾವನ್ನು ನೋಡಲು ಮನಸ್ಸು ಮಾಡಲಿಲ್ಲ.