ಸುಂಕದ ಜಗಳದಲ್ಲಿ ಜ್ಯೂರಿಯ ಪ್ರಮಾಣ

ಕಸ್ಟಮ್ಸ್ ಕೇಸು ನಡೆಸುವ ನಮ್ಮಂಥವರು ಕಕ್ಷಿದಾರರನ್ನು ಮೊದಲು ಕೇಳುವುದು ಎರಡೇ ಪ್ರಶ್ನೆ: ದುಡ್ಡು ಕಟ್ಟಿದ್ದೀರಾ, ಬಾಂಡ್ (ಆಮೇಲೆ ಕಟ್ಟುತ್ತೇನೆ ಅನ್ನುವ ಮುಚ್ಚಳಿಕೆ) ಕೊಟ್ಟಿದ್ದೀರಾ? ಸುಂಕ ಸರಿಯೋ ತಪ್ಪೋ ಅನ್ನುವುದು ಆಮೇಲಿನ ಮಾತು. 1832ರಲ್ಲಿ ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯ ಕೇಂದ್ರದ ಸುಂಕ ನಮ್ಮಲ್ಲಿ ನಡೆಯಲ್ಲ ಅಂದಿತು. ಇದನ್ನು ರಾಜ್ಯಗಳ ಹಕ್ಕಿನ ದೊಡ್ಡ ಹೋರಾಟ ಅಂತ ಓದುತ್ತೇವೆ. ನನಗಂತೂ ಅದರಲ್ಲಿ ಎದ್ದು ಕಾಣುವುದು ಬಾಂಡು ಮತ್ತು ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಪು ಹೇಳಲು ಕೋರ್ಟು ಕೂರಿಸುವ ಸಾಮಾನ್ಯ ಜನ.

ಜಗಳದ ಬೇರು ಸರಳ. ದಕ್ಷಿಣದ ಜಮೀನ್ದಾರರು ಗುಲಾಮರಿಂದ ಹತ್ತಿ ಬೆಳೆಸಿ ಇಂಗ್ಲೆಂಡಿಗೆ ಮಾರುತ್ತಿದ್ದರು. ಅಮೆರಿಕದ ಸಂವಿಧಾನದ ಪ್ರಕಾರ ರಫ್ತಿಗೆ ತೆರಿಗೆ ಹಾಕುವಂತಿಲ್ಲ (ನಮ್ಮಲ್ಲಿ ಕೇಂದ್ರ ಹಾಕಬಹುದು). ಹಾಗಾಗಿ ಹತ್ತಿ ಬಚಾವು. ಆದರೆ ಉತ್ತರದ ಕಾರ್ಖಾನೆಗಳನ್ನು ಕಾಪಾಡಲು ಉಣ್ಣೆ ಬಟ್ಟೆ, ಕಬ್ಬಿಣದ ಆಮದಿನ ಮೇಲೆ ಸುಂಕ ಏರುತ್ತಲೇ ಹೋಯಿತು. 1828ರ ಕಾಯ್ದೆಗೆ ದಕ್ಷಿಣದವರು 'ಅಸಹ್ಯ ಸುಂಕ' ಅಂತಲೇ ಹೆಸರಿಟ್ಟರು. ಆಮದು ಸುಂಕದ ಹೊರೆ ಕೊನೆಗೆ ಹತ್ತಿ ಬೆಳೆದವರ ಮೇಲೇ ಬೀಳುತ್ತದೆ, ನೂರು ಮೂಟೆಯಲ್ಲಿ ನಲವತ್ತು ಅದಕ್ಕೇ ಹೋಗುತ್ತದೆ ಅಂತ ಸೌತ್ ಕ್ಯಾರೊಲೈನಾದ ರಾಜಕಾರಣಿ ಜಾರ್ಜ್ ಮೆಕ್‌ಡಫಿ ಊರೂರಲ್ಲಿ ಹೇಳಿದ. ಲೆಕ್ಕ ವಿಪರೀತ ಜಾಸ್ತಿಯೇ. ಆದರೆ ಹತ್ತಿ ಬೆಲೆ ಬಿದ್ದಿದ್ದ ಕಾಲ, ಜನ ನಂಬಿದರು. ಉಪಾಧ್ಯಕ್ಷ ಜಾನ್ ಕ್ಯಾಲ್ಹೂನ್ ಹೆಸರು ಹಾಕದೆ ಒಂದು ದಸ್ತಾವೇಜು ಬರೆದುಕೊಟ್ಟ: ಸಂವಿಧಾನ ಮೀರಿದ ಕೇಂದ್ರದ ಕಾಯ್ದೆಯನ್ನು ರಾಜ್ಯ ತನ್ನ ಗಡಿಯೊಳಗೆ ರದ್ದು ಮಾಡಬಹುದು.

ಆಗ ಆಮದುದಾರರು ಸುಂಕವನ್ನು ಕೂಡಲೇ ಕಟ್ಟಬೇಕಿರಲಿಲ್ಲ. ಬಾಂಡ್ ಬರೆದುಕೊಟ್ಟು ಸರಕು ಬಿಡಿಸಿಕೊಂಡು, ಕೆಲವು ತಿಂಗಳ ಮೇಲೆ ಕಟ್ಟಬಹುದಿತ್ತು. ಇದನ್ನೇ ಹಿಡಿದು ಚಾರ್ಲ್ಸ್‌ಟನ್‌ನಲ್ಲಿ ಇಬ್ಬರು ಬೇಕೆಂದೇ ಬಾಂಡಿನ ಹಣ ಕಟ್ಟಲಿಲ್ಲ. 1831ರಲ್ಲಿ ಕೇಸು ಫೆಡರಲ್ (ಕೇಂದ್ರದ) ಕೋರ್ಟಿಗೆ ಬಂತು. ಸುಂಕ ಸಂವಿಧಾನಕ್ಕೆ ಒಪ್ಪುತ್ತದೋ ಇಲ್ಲವೋ ಅನ್ನುವುದನ್ನು ನ್ಯಾಯಾಧೀಶರು ಜ್ಯೂರಿಗೆ ಬಿಡಲೇ ಇಲ್ಲ. ಬಾಂಡ್ ಬರೆದದ್ದು ನೀವೇ ಅಲ್ವಾ, ಕಟ್ಟಿ. ಅಷ್ಟೇ.

ಹಾಗಾದರೆ ಕೋರ್ಟನ್ನೇ ಬದಲಿಸಿ, ರಾಜ್ಯದ ಕೋರ್ಟಿಗೆ ಹೋದರಾಯಿತು! 1832ರ ನವೆಂಬರ್ 24ರ ಆಜ್ಞೆಯಲ್ಲಿ, ಅಂದರೆ ಸುಂಕ ರದ್ದು ಮಾಡಲೆಂದೇ ರಾಜ್ಯ ಕರೆದ ಪ್ರತಿನಿಧಿಗಳ ಸಮಾವೇಶ ಹೊರಡಿಸಿದ್ದರಲ್ಲಿ, ನಿಜವಾದ ಹಲ್ಲು ಇದ್ದದ್ದು ಅಲ್ಲೇ. ಫೆಬ್ರುವರಿ 1ರಿಂದ ರಾಜ್ಯದಲ್ಲಿ ಸುಂಕ ವಸೂಲಿ ಇಲ್ಲ. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿಯೂ ಇಲ್ಲ. ಇಂಥ ಕೇಸಿನಲ್ಲಿ ಕೂರುವ ಜ್ಯೂರಿ ಸದಸ್ಯರು ಆಜ್ಞೆಯನ್ನು ಪಾಲಿಸುವ ಪ್ರಮಾಣ ಮಾಡಬೇಕು. ತೀರ್ಪು ಮೊದಲೇ ಬರೆದಿಟ್ಟ ಹಾಗೆ. ಬಳಿಕ ಬಂದ ರಾಜ್ಯದ ಕಾಯ್ದೆಯಲ್ಲಿ, ಸರಕು ತಡೆಹಿಡಿದ ಕಸ್ಟಮ್ಸ್ ಅಧಿಕಾರಿಯ ಸ್ವಂತ ಆಸ್ತಿಗೇ ಕೈ ಹಾಕಲು ದಾರಿಯಿತ್ತು. ವಕೀಲನಾಗಿ ಹೇಳಬೇಕೆಂದರೆ, ಬರೆದವರು ಬುದ್ಧಿವಂತರು.

ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಡಿಸೆಂಬರ್ 10ರ ಘೋಷಣೆಯಲ್ಲಿ ಆಯುಧ ಹಿಡಿದು ಒಕ್ಕೂಟ ಒಡೆಯುವುದು ದೇಶದ್ರೋಹ ಅಂತ ಗುಡುಗಿದ. ನನಗೆ ಅದಕ್ಕಿಂತ ರುಚಿಸುವುದು 1833ರ ಮಾರ್ಚ್ 2ರ 'ಫೋರ್ಸ್ ಬಿಲ್'. ಹೆಸರಿಗೆ ಸೈನ್ಯದ ಕಾಯ್ದೆ. ಆದರೆ ಒಳಗೆ ನೋಡಿ: ಬಾಂಡ್ ಬದಲು ನಗದು ಸುಂಕ. ಬೇಕಾದರೆ ಕಸ್ಟಮ್ಸ್ ಕಚೇರಿಯೇ ಹಡಗಿನ ಮೇಲೆ. ಅಧಿಕಾರಿಗಳ ಮೇಲಿನ ದಾವೆ ಫೆಡರಲ್ ಕೋರ್ಟಿಗೆ. ಬಾಂಡೇ ಇಲ್ಲದಿದ್ದರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ಜ್ಯೂರಿಯ ಮುಂದೆ ದಾವೆಯೂ ಇಲ್ಲ.

ಬೇರೆ ಯಾವ ರಾಜ್ಯವೂ ಜೊತೆಗೆ ನಿಲ್ಲಲಿಲ್ಲ. ಸೆನೆಟರ್ ಹೆನ್ರಿ ಕ್ಲೇಯ ರಾಜಿ ಕಾಯ್ದೆಗೂ ಅದೇ ದಿನ ಸಹಿ ಬಿತ್ತು. 1842ರ ಹೊತ್ತಿಗೆ ಸುಂಕವನ್ನು ಹಂತಹಂತವಾಗಿ ಶೇ 20ಕ್ಕೆ ಇಳಿಸುವ ಒಪ್ಪಂದ ಅದು. ಸಮಾವೇಶ ತನ್ನ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಹೋಗುವ ಮುಂಚೆ ಫೋರ್ಸ್ ಬಿಲ್ಲನ್ನೂ ಸುಮ್ನೆ 'ರದ್ದು' ಮಾಡಿತು, ಮರ್ಯಾದೆಗೆ.

ಇಷ್ಟೆಲ್ಲ ಬರೀ ಉಣ್ಣೆ, ಕಬ್ಬಿಣಕ್ಕಾಗಿಯೇ? ಅಲ್ಲ. ಇಂದು ಸುಂಕದಲ್ಲಿ ಕೈಯಾಡಿಸುವ ಕೇಂದ್ರ ನಾಳೆ ಗುಲಾಮಗಿರಿಗೂ ಕೈ ಹಾಕೀತು ಅನ್ನುವ ಭಯ ಹಿಂದಿತ್ತು. ಸುಂಕ ನೆಪ, ನಿಜವಾದ ಕಾರಣವಲ್ಲ ಅಂತ ಕ್ಯಾಲ್ಹೂನನೇ 1830ರ ಪತ್ರದಲ್ಲಿ ಬರೆದಿದ್ದಾನೆ. ಮುಂದಿನ ನೆಪ ಗುಲಾಮಗಿರಿಯದ್ದು ಅಂತ ಜಾಕ್ಸನ್ 1833ರಲ್ಲಿ ಬರೆದ.

ಇನ್ನು ಮೂಲ ಪ್ರಶ್ನೆ: ಆದಾಯಕ್ಕಲ್ಲದೆ ಉದ್ಯಮದ ರಕ್ಷಣೆಗೂ ಸುಂಕ ಹಾಕಬಹುದೇ? 1789ರ ಮೊದಲ ಸುಂಕ ಕಾಯ್ದೆಯ ಪೀಠಿಕೆಯಲ್ಲೇ ಕೈಗಾರಿಕೆಗಳ ರಕ್ಷಣೆಯ ಮಾತಿದೆ. ಆದರೂ ಹಾಕಬಹುದು ಅಂತ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು ಹ್ಯಾಂಪ್ಟನ್ ಕೇಸಿನಲ್ಲಿ, 1928ರಲ್ಲಿ.