ಆಲ್ಟರ್ಡ್ ಬುಕ್ ಅಂದರೇನು? ಅದು ಅಮೂರ್ತ ಕಲೆ ಆಗೋದು ಯಾವಾಗ?

ಅಚ್ಚಾಗಿ, ಬೈಂಡ್ ಆಗಿರುವ ಪುಸ್ತಕವನ್ನೇ ತಗೊಂಡು ಅದರ ಪುಟಗಳಿಗೆ ಬಣ್ಣ ಬಳಿದು, ಕತ್ತರಿಸಿ, ಮಡಚಿ, ಅಂಟಿಸಿ, ಕೆಲವೊಮ್ಮೆ ಸುಟ್ಟು ಹೊಸ ಕಲಾಕೃತಿ ಮಾಡಿದರೆ ಅದನ್ನು ಆಲ್ಟರ್ಡ್ ಬುಕ್ ಅಂತಾರೆ. ಖಾಲಿ ಹಾಳೆಯಲ್ಲಿ ಬಿಡಿಸಿದರೆ ಅದು ಸ್ಕೆಚ್‌ಬುಕ್ ಅಷ್ಟೇ. ಇಲ್ಲಿ ಬೇರೆ ಯಾರೋ ಬರೆದದ್ದು ಮೊದಲೇ ಇರಬೇಕು.

ಎಲ್ಲರೂ ಮೊದಲು ಹೇಳುವ ಹೆಸರು ಬ್ರಿಟಿಷ್ ಕಲಾವಿದ ಟಾಮ್ ಫಿಲಿಪ್ಸ್. 1892ರ ಒಂದು ಕಾದಂಬರಿಯನ್ನು 1966ರಲ್ಲಿ ಹಿಡಿದುಕೊಂಡರು, ಪುಟಗಳ ಮೇಲೆಲ್ಲ ಚಿತ್ರ ತುಂಬಿ ಅಲ್ಲೊಂದು ಇಲ್ಲೊಂದು ಪದ ಮಾತ್ರ ಉಳಿಸುತ್ತಾ ಹೋದರು. ‘ಎ ಹ್ಯೂಮ್ಯುಮೆಂಟ್’ ಅನ್ನುವ ಆ ಕೃತಿಯ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. 50 ವರ್ಷ, ಒಂದೇ ಪುಸ್ತಕ! ಆದರೆ ಅಲ್ಲಿ ಉಳಿದ ಪದಗಳನ್ನು ನಾವು ಇನ್ನೂ ಓದುತ್ತೇವೆ, ಅಲ್ವಾ? ಓದೋದು ನಿಂತು ಬರೀ ನೋಡೋದು ಶುರುವಾದಾಗ ಪುಸ್ತಕ ಅಮೂರ್ತ, ಅಂದರೆ ಬರೀ ಗೆರೆ, ಆಕಾರ, ಬಣ್ಣಗಳ ಕಲೆ, ಆಗುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಬೆಲ್ಜಿಯಂನ ಮಾರ್ಸೆಲ್ ಬ್ರೋಟಾರ್ಸ್ 1969ರಲ್ಲಿ ಮಾಡಿದ್ದು. ಫ್ರೆಂಚ್ ಕವಿ ಮಲಾರ್ಮೆಯ ಒಂದು ಕವಿತೆಯಲ್ಲಿ ಸಾಲುಗಳು ಪುಟದ ತುಂಬ ಚದುರಿಕೊಂಡಿವೆ, ಕೆಲವು ದೊಡ್ಡ ಅಕ್ಷರದಲ್ಲಿ, ಕೆಲವು ಚಿಕ್ಕದರಲ್ಲಿ. ಬ್ರೋಟಾರ್ಸ್ ಪ್ರತಿ ಸಾಲಿನ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಇಟ್ಟರು. ದೊಡ್ಡ ಅಕ್ಷರವಿದ್ದ ಕಡೆ ದಪ್ಪ ಪಟ್ಟಿ, ಚಿಕ್ಕದಿದ್ದ ಕಡೆ ತೆಳು ಪಟ್ಟಿ. ಪಟ್ಟಿಗಳಿರುವ ಆ ಪುಟಗಳಲ್ಲಿ ಒಂದು ಪದವೂ ಉಳಿದಿಲ್ಲ, ಆದರೂ ಕವಿತೆಯ ಉಸಿರಾಟ ಹಾಗೇ ಕಾಣುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಅದು ಹಳೆ ಪ್ರತಿಯ ಮೇಲೆ ಮಾಡಿದ್ದಲ್ಲ, ಹೊಸದಾಗಿ ಅಚ್ಚು ಹಾಕಿಸಿದ್ದು. ಆದರೂ ವಿಷಯ ಅರ್ಥವಾಗೋಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕೈಯಲ್ಲಿ ಮಾಡುವಾಗಲೂ ಇದೇ ನಡೆಯೋದು. ಪುಟದ ಮೇಲೆ ಬಿಳಿ ಗೆಸ್ಸೋ (ಬಣ್ಣ ಬಳಿಯುವ ಮೊದಲು ಹಚ್ಚುವ ತಳಲೇಪ) ತೆಳ್ಳಗೆ ಎಳೆದರೆ ಅಕ್ಷರ ಮಸುಕಾಗಿ, ಸಾಲುಗಳು ಬೂದು ಬಣ್ಣದ ಗೆರೆಗಳಾಗಿ ಕಾಣುತ್ತವೆ, ಪ್ಯಾರಾ ಮುಗಿದ ಕಡೆಯ ಖಾಲಿ ಜಾಗ ಒಂದು ಆಕಾರ ಆಗುತ್ತದೆ, ನಡುವಿನ ಹೊಲಿಗೆ ಉದ್ದಗೆರೆ ಆಗುತ್ತದೆ. ನೀವು ಬಳಿಯುವ ಬಣ್ಣ ಇವುಗಳ ಜೊತೆ ಮಾತಾಡಬೇಕು. ಅಚ್ಚನ್ನು ಪೂರ್ತಿ ಮುಚ್ಚಿ ಮೇಲೊಂದು ಚಿತ್ರ ಬರೆದುಬಿಟ್ಟರೆ, ಅದು ಎಷ್ಟೇ ಚೆನ್ನಾಗಿರಲಿ, ನಾನಂತೂ ಆಲ್ಟರ್ಡ್ ಬುಕ್ ಅನ್ನಲ್ಲ. ಅದಕ್ಕೆ ಯಾವ ಕಾಗದವಾದರೂ ಸಾಕಿತ್ತು, ಸುಮ್ನೆ ಒಂದು ಪುಸ್ತಕ ಯಾಕೆ ಕೆಡಿಸಬೇಕು?

ಪುಸ್ತಕ ಹಾಳು ಮಾಡ್ತಾರೆ ಅಂತ ಬೇಜಾರಾಗುವವರ ಮಾತು ನನಗೂ ಅರ್ಥವಾಗುತ್ತದೆ. ಅಪರೂಪದ ಪ್ರತಿಯನ್ನು ಮುಟ್ಟಲೇಬಾರದು. ಹಳತಾದ ವಿಶ್ವಕೋಶ, ಬಳಕೆ ತಪ್ಪಿದ ಕೈಪಿಡಿಗಳು ಇದಕ್ಕೆ ಸರಿ. ಹೊಲಿಗೆ ಬೈಂಡಿಂಗ್ ಇರುವುದನ್ನೇ ಆರಿಸಿ, ಬರೀ ಅಂಟಿನದ್ದು ಬೇಗ ಬಿಚ್ಚಿಕೊಳ್ಳುತ್ತದೆ. ಕೆಲವು ಹಾಳೆ ಮೊದಲೇ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಬಣ್ಣ, ಅಂಟು ಜಾಸ್ತಿಯಾಗಿ ಪುಸ್ತಕ ಉಬ್ಬಿ ಮುಚ್ಚೋಕೇ ಆಗಲ್ಲ.